ಕಕ್ಷೆಯಲ್ಲಿ ಸಿಲುಕಿದವರನ್ನು ಕಾಪಾಡುವುದು ಯಾವಾಗ?

1983ರ ಫೆಬ್ರುವರಿ 27ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ಸ್ಟಾರ್‌ಫ್ಲೈಟ್: ದಿ ಪ್ಲೇನ್ ದಟ್ ಕುಡಂಟ್ ಲ್ಯಾಂಡ್’ ಎಂಬ ಟೆಲಿಚಿತ್ರ ಪ್ರಸಾರವಾಯಿತು. ಜೆರ್ರಿ ಜೇಮ್ಸನ್ ಅದರ ನಿರ್ದೇಶಕ, ಲೀ ಮೇಜರ್ಸ್ ನಾಯಕ. ಲಾಸ್ ಏಂಜಲೀಸ್‌ನಿಂದ ಸಿಡ್ನಿಗೆ ಹೊರಟ ಅತಿವೇಗದ ಪ್ರಯಾಣಿಕ ವಿಮಾನವೊಂದು ಸಿಡಿದ ರಾಕೆಟ್ಟಿನ ಚೂರುಗಳಿಂದ ತಪ್ಪಿಸಿಕೊಳ್ಳಲು ಮೇಲೇರುತ್ತದೆ. ಎಂಜಿನ್ನುಗಳು ನಿಲ್ಲುವುದಿಲ್ಲ, ವಿಮಾನ ನೇರ ಭೂಮಿಯ ಕಕ್ಷೆ ಸೇರುತ್ತದೆ. ಕೆಳಗಿಳಿಯಲು ಉಷ್ಣಕವಚವಿಲ್ಲ, ಒಳಗಿನ ಗಾಳಿ ಮುಗಿಯುತ್ತಾ ಬರುತ್ತದೆ. ಆಗ ನೆರವಿಗೆ ಧಾವಿಸುವುದು ಕೊಲಂಬಿಯಾ ಶಟಲ್. ಅದು ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ, ಅಲ್ಪಾವಧಿಯಲ್ಲೇ ಮತ್ತೆ ಬರುತ್ತದೆ. ವಿಮಾನದ ವಿನ್ಯಾಸಕಾರನಿಗೆ ಬಾಹ್ಯಾಕಾಶ ಉಡುಪು ಇಲ್ಲವೆಂದು ಅವನನ್ನು ಸರಕು ಕೋಣೆಯಲ್ಲಿದ್ದ ಶವಪೆಟ್ಟಿಗೆಯಲ್ಲಿ ಮಲಗಿಸಿ ಶಟಲ್‌ಗೆ ದಾಟಿಸುತ್ತಾರೆ. ಕೊನೆಗೆ ಇನ್ನೊಂದು ನೌಕೆ ಮುಂದೆ ನಿಂತು ವಾತಾವರಣದ ಬೆಂಕಿಯನ್ನು ತಾನು ತಡೆದುಕೊಂಡು ವಿಮಾನಕ್ಕೆ ದಾರಿ ಮಾಡಿಕೊಡುತ್ತದೆ. ಕೆಲವರು ಸಾಯುತ್ತಾರೆ, ಬಹಳಷ್ಟು ಜನ ಬದುಕುತ್ತಾರೆ. ಇದು ದೊಡ್ಡ ಕಲಾಕೃತಿಯೇನಲ್ಲ. ಆದರೆ ಬಾಹ್ಯಾಕಾಶದ ರಕ್ಷಣೆಯ ಬಗ್ಗೆ ನಮ್ಮಲ್ಲಿ ಬೇರೂರಿರುವ ಒಂದು ನಂಬಿಕೆಯನ್ನು ಇದು ಇಡಿಯಾಗಿ ಮುಂದಿಡುತ್ತದೆ. ನನ್ನ ತಕರಾರು ಚಿತ್ರದ ಮೇಲಲ್ಲ, ಆ ನಂಬಿಕೆಯ ಮೇಲೆ.

ಆ ನಂಬಿಕೆಗೆ ಅನ್ಯಾಯವಾಗದಂತೆ ಮೊದಲು ಅದನ್ನು ಹೇಳಬೇಕು. ಆಪತ್ತು ಬಂದಾಗ ಮನುಷ್ಯನ ಬುದ್ಧಿ ಚುರುಕಾಗುತ್ತದೆ. ಸುಮ್ಮನಿದ್ದಾಗ ಹೊಳೆಯದ ಉಪಾಯಗಳು ಆಗ ಹೊಳೆಯುತ್ತವೆ. ಅಧಿಕಾರಿಗಳು ನಿಯಮ ಬದಿಗಿಟ್ಟು, ಎಂಜಿನಿಯರುಗಳು ನಿದ್ದೆ ಬಿಟ್ಟು, ಯಾತ್ರಿಗಳು ಪ್ರಾಣದ ಹಂಗು ತೊರೆದು ನಿಂತರೆ ಆಗದ ಕೆಲಸವಿಲ್ಲ. ಆದ್ದರಿಂದ ರಕ್ಷಣೆಯ ಮೂಲ ಬಂಡವಾಳ ಧೈರ್ಯ ಮತ್ತು ಇಚ್ಛಾಶಕ್ತಿ. ಈ ಮಾತಿಗೆ ಆಧಾರವಿಲ್ಲವೆನ್ನಲು ಬರುವುದಿಲ್ಲ. ಚಂದ್ರನತ್ತ ಹೋಗುವಾಗ ಸ್ಫೋಟಕ್ಕೆ ಸಿಲುಕಿಯೂ ಮೂವರು ಯಾತ್ರಿಗಳನ್ನು ಮರಳಿ ತಂದ 1970ರ ಅಪೊಲೊ 13 ಇದೆ. ನಿರ್ಜೀವವಾಗಿ ತೇಲುತ್ತಿದ್ದ ಸಾಲ್ಯೂತ್ 7 ನಿಲ್ದಾಣಕ್ಕೆ 1985ರಲ್ಲಿ ಕೈಯಿಂದಲೇ ನೌಕೆ ನಡೆಸಿ ಹೋಗಿ ಸೇರಿದ ವ್ಲಾದಿಮಿರ್ ಜಾನಿಬೆಕೊವ್ ಮತ್ತು ವಿಕ್ಟರ್ ಸವಿನಿಖ್ ಇದ್ದಾರೆ. ಈ ನಂಬಿಕೆಯ ಒಳಗೊಂದು ನೈತಿಕ ತುಡಿತವೂ ಇದೆ: ಸಿಲುಕಿದವರನ್ನು ಕೈಬಿಡಬಾರದು, ಲೆಕ್ಕಾಚಾರದ ಹೆಸರಿನಲ್ಲಿ ಒಂದು ಜೀವವನ್ನೂ ತೆರಬಾರದು. ಈ ತುಡಿತವನ್ನು ನಾನು ಪೂರ್ತಿ ಒಪ್ಪುತ್ತೇನೆ. ಗೊಂದಲ ಇರುವುದು ತುಡಿತದಲ್ಲಲ್ಲ, ಅದನ್ನು ಕಾಲದ ಯಾವ ಬಿಂದುವಿನಲ್ಲಿ ಇಡುತ್ತೇವೆ ಎಂಬಲ್ಲಿ. ರಕ್ಷಣೆ ಅಪಘಾತದ ನಂತರ ಶುರುವಾಗುವ ಯಾತ್ರೆ ಎಂದು ನಾವು ತಿಳಿದಿದ್ದೇವೆ. ಬಾಹ್ಯಾಕಾಶದಲ್ಲಿ ಅದು ಬಹುಪಾಲು ಅಪಘಾತಕ್ಕೆ ವರ್ಷಗಳ ಮೊದಲೇ ಮುಗಿದಿರಬೇಕಾದ ಕೆಲಸ. ಅದು ಮುಗಿದಿಲ್ಲವಾದರೆ, ಆಮೇಲೆ ಎಷ್ಟೇ ಧೈರ್ಯ ಸುರಿದರೂ ತುಂಬದ ಕೊರತೆಗಳಿವೆ.

ಈ ನಂಬಿಕೆಯಲ್ಲಿ ಮೂರು ಬೇರೆ ಬೇರೆ ಮಾತುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಿಡಿಸಿ ನೋಡಿದರೆ ಮೊದಲನೆಯದು ಸಾಧ್ಯತೆಯ ಕುರಿತದ್ದು: ಮನಸ್ಸಿದ್ದರೆ ಮಾರ್ಗವಿದೆ. ಎರಡನೆಯದು ಮೆಚ್ಚುಗೆಯದು: ಯಾರಾದರೂ ಬದುಕಿ ಬಂದರೆ ಶ್ರೇಯಸ್ಸು ಆಪತ್ಕಾಲದಲ್ಲಿ ಧಾವಿಸಿದವರದು. ಮೂರನೆಯದು ದೂಷಣೆಯದು: ಯಾರಾದರೂ ಬರಲಿಲ್ಲವಾದರೆ ಅಥವಾ ಬರುವುದು ತಡವಾದರೆ, ಯಾರೋ ಮನಸ್ಸು ಮಾಡಲಿಲ್ಲ. ಮೊದಲನೆಯದು ಬಿದ್ದರೆ ಉಳಿದೆರಡೂ ನಿಲ್ಲಲಾರವು. ಹಾಗಾಗಿ ಮೊದಲನೆಯದನ್ನೇ ಪರೀಕ್ಷಿಸೋಣ. ಕಕ್ಷೆಯಲ್ಲಿರುವವರನ್ನು ಹೊರಗಿನಿಂದ ಹೋಗಿ ಕಾಪಾಡಬೇಕಾದರೆ ಕನಿಷ್ಠ ನಾಲ್ಕು ಷರತ್ತುಗಳು ಒಟ್ಟಿಗೆ ಕೂಡಿಬರಬೇಕು.

1. ಕಕ್ಷೆ. ನೆಲದ ಮೇಲೆ ಸಮೀಪ ಎಂದರೆ ಕಿಲೋಮೀಟರುಗಳ ಲೆಕ್ಕ. ಕಕ್ಷೆಯಲ್ಲಿ ಸಮೀಪ ಎಂದರೆ ವೇಗದ ವ್ಯತ್ಯಾಸದ ಲೆಕ್ಕ. ಭೂಮಿಯಿಂದ ಕೆಲವು ನೂರು ಕಿಲೋಮೀಟರ್ ಮೇಲೆ ಸುತ್ತುವ ನೌಕೆ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗದಲ್ಲಿರುತ್ತದೆ. ಒಂದೇ ಎತ್ತರದಲ್ಲಿದ್ದರೂ ಎರಡು ನೌಕೆಗಳ ಕಕ್ಷೆಗಳು ಬೇರೆ ಬೇರೆ ಓರೆಯಲ್ಲಿದ್ದರೆ, ಒಂದರಿಂದ ಇನ್ನೊಂದಕ್ಕೆ ಹೋಗಲು ಆ ಭಾರೀ ವೇಗದ ದಿಕ್ಕನ್ನೇ ತಿರುಗಿಸಬೇಕು. 2003ರ ಜನವರಿಯಲ್ಲಿ ಕೊಲಂಬಿಯಾ ಸುತ್ತುತ್ತಿದ್ದ ಕಕ್ಷೆ ಸಮಭಾಜಕಕ್ಕೆ 39 ಡಿಗ್ರಿ ಓರೆಯಾಗಿತ್ತು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ್ದು 51.6 ಡಿಗ್ರಿ. ಈ ಹನ್ನೆರಡೂವರೆ ಡಿಗ್ರಿಯನ್ನು ದಾಟಲು ಸೆಕೆಂಡಿಗೆ ಸುಮಾರು 1,700 ಮೀಟರಿನಷ್ಟು ವೇಗ ಬದಲಾವಣೆ ಬೇಕು. ಶಟಲ್‌ನ ಕಕ್ಷಾ ಎಂಜಿನ್ನುಗಳ ಇಡೀ ಇಂಧನ ಸುರಿದರೂ ದಕ್ಕುತ್ತಿದ್ದುದು ಸುಮಾರು 300 ಮೀಟರ್. ಅಂದರೆ ಎಲ್ಲ ಸೌಕರ್ಯಗಳಿದ್ದ ನಿಲ್ದಾಣವೊಂದು ಅದೇ ಆಕಾಶದಲ್ಲಿ ಸುತ್ತುತ್ತಿದ್ದರೂ ಕೊಲಂಬಿಯಾದ ಪಾಲಿಗೆ ಅದು ಇಲ್ಲದ ಹಾಗೆಯೇ. ಈ ಅಂತರವನ್ನು ಧೈರ್ಯದಿಂದ ಕಡಿಮೆ ಮಾಡಲಾಗದು. ನೆಲದಿಂದ ಹೊರಡುವ ರಕ್ಷಣಾ ನೌಕೆಯೂ ಬೇಕೆಂದಾಗ ಹೊರಡುವಂತಿಲ್ಲ. ಭೂಮಿ ತಿರುಗುತ್ತಾ ಉಡಾವಣಾ ಕೇಂದ್ರ ಆ ಕಕ್ಷೆಯ ಕೆಳಗೆ ಬರುವ ಗಳಿಗೆಗಾಗಿ ಕಾಯಬೇಕು.

2. ಸಮಯ. ಸಿಲುಕಿದವರ ಬಳಿ ಎಷ್ಟು ದಿನದ ಉಸಿರಿದೆ ಎಂಬುದು ಒಂದು ಕಡೆ, ಕಾಪಾಡುವವರು ಹೊರಡಲು ಎಷ್ಟು ದಿನ ಬೇಕು ಎಂಬುದು ಇನ್ನೊಂದು ಕಡೆ. ಟೆಲಿಚಿತ್ರದಲ್ಲಿ ಕೊಲಂಬಿಯಾ ಮನೆಗೂ ಆಸ್ಪತ್ರೆಗೂ ನಡುವೆ ಓಡುವ ಆಂಬುಲೆನ್ಸಿನಂತೆ ಬಂದುಹೋಗುತ್ತದೆ. ಆ ಚಿತ್ರ ಪ್ರಸಾರವಾದಾಗ ಬಾಹ್ಯಾಕಾಶಕ್ಕೆ ಹೋಗಿಬಂದಿದ್ದ ಶಟಲ್ ಅದೊಂದೇ. 1981ರ ಏಪ್ರಿಲ್‌ನಲ್ಲಿ ಮೊದಲ ಬಾರಿ ಹಾರಿದ ಅದು ಎರಡನೇ ಬಾರಿ ಹಾರಿದ್ದು ನವೆಂಬರ್‌ನಲ್ಲಿ, ಏಳು ತಿಂಗಳ ನಂತರ. ಶಟಲ್‌ಗಳ 30 ವರ್ಷಗಳ ಇತಿಹಾಸದಲ್ಲಿ ಒಂದೇ ನೌಕೆ ಅತಿ ಬೇಗ ಮತ್ತೆ ಹಾರಿದ್ದು 1985ರಲ್ಲಿ. ಅಕ್ಟೋಬರ್ 3ರಂದು ಹಾರಿದ್ದ ಅಟ್ಲಾಂಟಿಸ್ ನವೆಂಬರ್ 26ರಂದು ಇನ್ನೊಮ್ಮೆ ಹಾರಿತು. 54 ದಿನಗಳ ಆ ದಾಖಲೆಯನ್ನು ಯಾವ ಶಟಲ್ಲೂ ಮುರಿಯಲಿಲ್ಲ.

3. ಬಾಗಿಲು. ಪಕ್ಕಕ್ಕೆ ಬಂದು ನಿಂತ ಮಾತ್ರಕ್ಕೆ ರಕ್ಷಣೆಯಾಗುವುದಿಲ್ಲ, ಒಳಗಿನವರು ಇತ್ತಕಡೆ ದಾಟಬೇಕು. ಎರಡು ನೌಕೆಗಳ ದ್ವಾರಗಳು ಒಂದಕ್ಕೊಂದು ಕೂಡಬೇಕು, ಒಳಗಿನ ಗಾಳಿಯ ಒತ್ತಡ ಹೊಂದಬೇಕು, ಉಡುಪಿನ ಕೊಳವೆಗಳು ಹೊಸ ಆಸನಕ್ಕೆ ಜೋಡಣೆಯಾಗಬೇಕು. ಶವಪೆಟ್ಟಿಗೆಯ ಉಪಾಯ ಆ ಟೆಲಿಚಿತ್ರದ ಅತ್ಯಂತ ಪ್ರಾಮಾಣಿಕ ಗಳಿಗೆ. ಯಾರೂ ಮೊದಲೇ ಜೋಡಿಸಿಡದ ಎರಡು ಬಾಗಿಲುಗಳ ನಡುವಿನ ಕೆಲವು ಮೀಟರ್ ದೂರ ಎಂಥದ್ದು ಎಂಬುದನ್ನು ಅದು ತೋರಿಸುತ್ತದೆ.

4. ಅರಿವು. ಅಪಾಯದಲ್ಲಿದ್ದೇವೆ ಎಂಬುದು ಮೊದಲು ಗೊತ್ತಾಗಬೇಕು. ಸಿನಿಮಾಗಳಲ್ಲಿ ಇದು ಪ್ರಶ್ನೆಯೇ ಅಲ್ಲ. ಗಂಟೆ ಮೊಳಗುತ್ತದೆ, ಕೆಂಪು ದೀಪ ಉರಿಯುತ್ತದೆ, ಕಥೆ ಅಲ್ಲಿಂದಲೇ ಶುರು. ವಾಸ್ತವದಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ಈ ಷರತ್ತೇ.

ನಾಲ್ಕೂ ಷರತ್ತುಗಳು ಒಂದೇ ಘಟನೆಯಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಅದೇ ಕೊಲಂಬಿಯಾದ ಕೊನೆಯ ಯಾನವೇ ಸಾಕ್ಷಿ. 2003ರ ಜನವರಿ 16ರಂದು ಉಡಾವಣೆಯಾದ ಸುಮಾರು 82 ಸೆಕೆಂಡುಗಳ ನಂತರ ಹೊರ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಎಡ ರೆಕ್ಕೆಯ ಮುಂಚೂಣಿಗೆ ಬಡಿಯಿತು. ಮರುದಿನ ಚಿತ್ರೀಕರಣವನ್ನು ನೋಡಿದಾಗ ಬಡಿದದ್ದು ತಿಳಿಯಿತು, ಎಷ್ಟು ಪೆಟ್ಟಾಗಿದೆ ಎಂಬುದು ತಿಳಿಯಲಿಲ್ಲ. ಎಂಜಿನಿಯರುಗಳು ರಕ್ಷಣಾ ಇಲಾಖೆಯ ಸಾಧನಗಳಿಂದ ರೆಕ್ಕೆಯ ಚಿತ್ರ ತೆಗೆಸಬೇಕೆಂದು ಕೇಳಿದರು. ಅಂಥ ಮೂರು ಕೋರಿಕೆಗಳು ಬೇರೆ ಬೇರೆ ದಾರಿಯಲ್ಲಿ ಹೊರಟು ಎಲ್ಲವೂ ನಡುವೆಯೇ ನಿಂತವು ಎಂದು ತನಿಖಾ ಮಂಡಳಿ ದಾಖಲಿಸಿದೆ. ಜನವರಿ 23ರಂದು ನೌಕೆಯ ಕಮಾಂಡರ್ ಮತ್ತು ಪೈಲಟ್‌ಗೆ ನೆಲದಿಂದ ಮಿಂಚಂಚೆ ಹೋಯಿತು: ಫೋಮ್ ಬಡಿದಿದೆ, ಚಿಂತಿಸಬೇಕಾದ್ದೇನೂ ಇಲ್ಲ. ಫೆಬ್ರುವರಿ 1ರಂದು ಮರಳುವಾಗ ಬಿಸಿ ಅನಿಲ ಆ ರೆಕ್ಕೆಯೊಳಗೆ ನುಗ್ಗಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನರೂ ಸತ್ತರು. ಆ 16 ದಿನಗಳಲ್ಲಿ ಧೈರ್ಯವಂತರಿಗಾಗಲಿ ಬುದ್ಧಿವಂತರಿಗಾಗಲಿ ಬರವಿರಲಿಲ್ಲ. ರಕ್ಷಣೆ ವಿಫಲವಾಯಿತೆಂದು ಹೇಳುವಂತೆಯೂ ಇಲ್ಲ, ಏಕೆಂದರೆ ಅದು ಬೇಕಾಗಿದೆ ಎಂಬ ತೀರ್ಮಾನವನ್ನೇ ಯಾರೂ ಮಾಡಲಿಲ್ಲ.

ತನಿಖಾ ಮಂಡಳಿ ಮುಂದೆ ಹೋಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಿತು: ಮೊದಲ ಕೆಲವು ದಿನಗಳಲ್ಲೇ ಹಾನಿ ಗೊತ್ತಾಗಿದ್ದರೆ ಕಾಪಾಡಬಹುದಿತ್ತೇ? ಇದಕ್ಕೆ ನಾಸಾ ತಂಡ ಮಾಡಿದ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಕೊಲಂಬಿಯಾದಲ್ಲಿ ಮೊದಲು ಮುಗಿಯುತ್ತಿದ್ದುದು ಅನ್ನವಲ್ಲ, ನೀರಲ್ಲ, ಆಮ್ಲಜನಕವೂ ಅಲ್ಲ. ಯಾತ್ರಿಗಳು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವ ಲಿಥಿಯಮ್ ಹೈಡ್ರಾಕ್ಸೈಡ್ ಡಬ್ಬಿಗಳು ಮೊದಲು ಮುಗಿಯುತ್ತಿದ್ದವು. ಏಳು ಜನ ಪ್ರಯೋಗಗಳನ್ನೆಲ್ಲ ನಿಲ್ಲಿಸಿ, ಆದಷ್ಟು ಮಲಗಿ, ಮೆಲ್ಲನೆ ಉಸಿರಾಡುತ್ತಾ ಇದ್ದರೆ ಆ ಡಬ್ಬಿಗಳು ಫೆಬ್ರುವರಿ 15ರವರೆಗೆ ಸಾಲುತ್ತಿದ್ದವು. ಇತ್ತ ಅಟ್ಲಾಂಟಿಸ್ ಮಾರ್ಚ್ ಯಾನಕ್ಕೆಂದು ಆಗಲೇ ಸಜ್ಜಾಗುತ್ತಿತ್ತು. ಮೂರು ಪಾಳಿಯಲ್ಲಿ ದುಡಿದು, ಕೆಲವು ಪರೀಕ್ಷೆಗಳನ್ನು ಕೈಬಿಟ್ಟು, ಒಂದೂ ತಪ್ಪಾಗದೆ ಎಲ್ಲ ಸರಿಹೋದರೆ ಫೆಬ್ರುವರಿ 10ರ ಹೊತ್ತಿಗೆ ಅದು ಹಾರಬಹುದಿತ್ತು. ನಾಲ್ವರು ಯಾತ್ರಿಗಳು ಅದನ್ನು ಕೊಲಂಬಿಯಾದ ಬಳಿಗೆ ಒಯ್ದು, ಎರಡೂ ನೌಕೆಗಳ ಸರಕು ಕೋಣೆಗಳು ಎದುರುಬದುರಾಗುವಂತೆ ನಿಲ್ಲಿಸಬೇಕಿತ್ತು. ಕೂಡಿಕೊಳ್ಳುವ ದ್ವಾರ ಕೊಲಂಬಿಯಾದಲ್ಲಿ ಇರಲಿಲ್ಲ. ಹಾಗಾಗಿ ಪೈಲಟ್‌ಗಳು ಗಂಟೆಗಟ್ಟಲೆ ಕೈಯಿಂದಲೇ ಆ ಅಂತರ ಕಾಯ್ದುಕೊಂಡಿರಬೇಕಿತ್ತು. ಉಡುಪುಗಳನ್ನು ಆ ಕಡೆ ಈ ಕಡೆ ಸಾಗಿಸುತ್ತಾ ಏಳು ಜನರನ್ನು ಒಬ್ಬಿಬ್ಬರಂತೆ ದಾಟಿಸಬೇಕಿತ್ತು. ಇವೆಲ್ಲದರ ಮೇಲೆ, ಫೋಮ್ ಕಳಚುವ ದೋಷ ಪರಿಹಾರವಾಗದ ಅದೇ ಬಗೆಯ ಟ್ಯಾಂಕಿನ ಮೇಲೆಯೇ ಅಟ್ಲಾಂಟಿಸ್ ಕೂಡ ಹಾರಬೇಕಿತ್ತು.

ಈ ಲೆಕ್ಕವನ್ನು ಕೆಲವರು ಹಳೆಯ ನಂಬಿಕೆಗೆ ಪುರಾವೆಯಾಗಿ ಓದುತ್ತಾರೆ: ನೋಡಿ, ಸಾಧ್ಯವಿತ್ತು, ಮನಸ್ಸು ಮಾಡಲಿಲ್ಲ. ನನಗೆ ಇದು ನೇರ ವಿರುದ್ಧ ಪಾಠ ಹೇಳುತ್ತದೆ. ಐದು ದಿನಗಳ ಆ ಸಣ್ಣ ಬಿಡುವು ಬಂದದ್ದು ಎಲ್ಲಿಂದ? ಅಟ್ಲಾಂಟಿಸ್‌ಗೆ ಎಂಜಿನ್ನುಗಳು ಆಗಲೇ ಜೋಡಣೆಯಾಗಿದ್ದವು, ಅದರ ಟ್ಯಾಂಕು ಮತ್ತು ಬೂಸ್ಟರುಗಳು ಆಗಲೇ ಸಿದ್ಧವಾಗಿ ನಿಂತಿದ್ದವು. ಕೊಲಂಬಿಯಾ ಎರಡು ವಾರಕ್ಕೂ ಮೀರಿದ ಯಾನಕ್ಕೆಂದು ಹೆಚ್ಚು ಸಾಮಗ್ರಿ ಹೊತ್ತಿತ್ತು, ಅದರಲ್ಲಿ ಬಾಹ್ಯಾಕಾಶ ನಡಿಗೆಯ ಎರಡು ಉಡುಪುಗಳೂ ಆ ತರಬೇತಿ ಪಡೆದ ಇಬ್ಬರೂ ಇದ್ದರು. ಇವುಗಳಲ್ಲಿ ಒಂದನ್ನೂ ಆಪತ್ಕಾಲದ ಧೈರ್ಯ ಹುಟ್ಟಿಸಲಿಲ್ಲ. ಬೇರೆ ಕಾರಣಕ್ಕೆ ಮೊದಲೇ ಇಟ್ಟದ್ದು ಅಕಸ್ಮಾತ್ತಾಗಿ ಒದಗಬಹುದಿತ್ತು, ಅಷ್ಟೇ. ಇದೇ ಪೆಟ್ಟು ಇನ್ಯಾವುದೋ ವರ್ಷ, ಬೇರೆಲ್ಲ ಶಟಲ್‌ಗಳೂ ಬಿಚ್ಚಿಟ್ಟ ಸ್ಥಿತಿಯಲ್ಲಿದ್ದಾಗ ಆಗಿದ್ದರೆ ಇಡೀ ಜಗತ್ತಿನ ಇಚ್ಛಾಶಕ್ತಿ ಸೇರಿದರೂ ಏನೂ ಆಗುತ್ತಿರಲಿಲ್ಲ.

ಇಲ್ಲಿ ಬರುವ ಮೊದಲ ಮತ್ತು ಬಲವಾದ ಆಕ್ಷೇಪ ಅಪೊಲೊ 13. ಅಲ್ಲಿ ಬದುಕಿಸಿದ್ದು ಪೂರ್ವಸಿದ್ಧತೆಯಲ್ಲ, ಸಮಯಸ್ಫೂರ್ತಿ ಎಂದು ಎಲ್ಲರೂ ಹೇಳುತ್ತಾರೆ. ಮುಖ್ಯ ನೌಕೆಯ ಚೌಕಾಕಾರದ ಲಿಥಿಯಮ್ ಹೈಡ್ರಾಕ್ಸೈಡ್ ಡಬ್ಬಿಗಳನ್ನು ಚಂದ್ರನೌಕೆಯ ದುಂಡು ವ್ಯವಸ್ಥೆಗೆ ಹೊಂದಿಸಲು ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿ ಬಳಸಿದ ಕಥೆ ಲೋಕಪ್ರಸಿದ್ಧ. ಆ ಜಾಣ್ಮೆಗೆ ನನ್ನ ಪೂರ್ಣ ಗೌರವವಿದೆ. ಆದರೆ ಜಾಣ್ಮೆ ಕೆಲಸ ಮಾಡಿದ್ದು ಯಾವುದರ ಮೇಲೆ ಎಂದು ಕೇಳಬೇಕು. ಮೊದಲನೆಯದಾಗಿ, ಅಪೊಲೊ 13ಕ್ಕೆ ಹೊರಗಿನಿಂದ ಯಾರೂ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಅದರ ಜೊತೆಗೇ ಎರಡನೆಯದೊಂದು ಪೂರ್ಣ ನೌಕೆ, ಸ್ವಂತ ಗಾಳಿ, ಸ್ವಂತ ವಿದ್ಯುತ್ತು, ಸ್ವಂತ ಎಂಜಿನ್ ಹೊತ್ತು ಸಾಗುತ್ತಿತ್ತು. ಎರಡನೆಯದಾಗಿ, ಚಂದ್ರನೌಕೆಯ ಎಂಜಿನ್ನಿನಿಂದ ಇಡೀ ಜೋಡಿಯನ್ನು ನೂಕಬಹುದೆಂಬುದನ್ನು ಒಂದು ವರ್ಷ ಮೊದಲೇ, 1969ರ ಮಾರ್ಚ್‌ನಲ್ಲಿ, ಅಪೊಲೊ 9 ಪರೀಕ್ಷಿಸಿ ತೋರಿಸಿತ್ತು. ಮೂರನೆಯದಾಗಿ, ಸ್ಫೋಟವಾದದ್ದು ಚಂದ್ರನತ್ತ ಹೋಗುವಾಗ, ಚಂದ್ರನೌಕೆ ಇನ್ನೂ ಬಳಕೆಯಾಗದೆ ಇದ್ದಾಗ. ಅದೇ ಸ್ಫೋಟ ಚಂದ್ರನೌಕೆಯನ್ನು ಬಿಸುಟ ಮೇಲೆ ಮರಳುವ ದಾರಿಯಲ್ಲಿ ಆಗಿದ್ದರೆ, ಅದೇ ಮೂವರು ಯಾತ್ರಿಗಳು ಮತ್ತು ಅದೇ ನಿಯಂತ್ರಣ ಕೊಠಡಿಯ ಅದೇ ಪ್ರತಿಭೆ ಇದ್ದೂ ಯಾರೂ ಉಳಿಯುತ್ತಿರಲಿಲ್ಲ. ಪ್ರತಿಭೆ ಎರಡೂ ಕಡೆ ಸಮ. ಬೇರೆಯಾದದ್ದು ಉಳಿದಿದ್ದ ಮೀಸಲು. ಹಾಗಾದರೆ ಫಲವನ್ನು ನಿರ್ಧರಿಸಿದ್ದು ಯಾವುದು ಎಂಬುದರಲ್ಲಿ ಸಂಶಯವಿರಬಾರದು. ಚೌಕ ಡಬ್ಬಿ, ದುಂಡು ಕಿಂಡಿಯ ಕಥೆಯೂ ನನ್ನ ವಾದಕ್ಕೇ ಸಾಕ್ಷಿ: ಮೊದಲೇ ಒಂದೇ ಅಳತೆಗೆ ಮಾಡಿದ್ದರೆ ಆ ಜಾಣ್ಮೆಯ ಅಗತ್ಯವೇ ಬರುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಕಲೆಯ ಕಡೆಯಿಂದ ಬರುತ್ತದೆ. ಮನರಂಜನೆಯ ಚಿತ್ರವನ್ನು ಭೌತಶಾಸ್ತ್ರದ ಪರೀಕ್ಷೆಗೆ ಕೂರಿಸಬಾರದು ಎನ್ನುತ್ತಾರೆ. ಒಪ್ಪುತ್ತೇನೆ. ಚಿತ್ರದಲ್ಲಿ ಕಕ್ಷೆಯ ಲೆಕ್ಕ ತಪ್ಪಿದೆ ಎಂಬುದು ಸಣ್ಣ ಮಾತು. ಆದರೆ ಕಥೆಗಳು ಜನರಿಗೆ ಯಾವುದು ಮುಖ್ಯ ಎಂಬುದನ್ನು ಕಲಿಸುತ್ತವೆ, ಆ ಕಲಿಕೆಗೆ ಪರಿಣಾಮವೂ ಇದೆ. ಜಾನ್ ಸ್ಟರ್ಜಸ್ ನಿರ್ದೇಶಿಸಿದ 1969ರ ‘ಮರೂನ್ಡ್’ ಚಿತ್ರದಲ್ಲಿ ಕಕ್ಷೆಯಲ್ಲಿ ಸಿಲುಕಿದ ಅಮೆರಿಕನ್ನರ ನೆರವಿಗೆ ಸೋವಿಯತ್ ಯಾತ್ರಿಯೊಬ್ಬ ಬರುತ್ತಾನೆ. ಮರುವರ್ಷ ಅಮೆರಿಕದ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದ ಫಿಲಿಪ್ ಹ್ಯಾಂಡ್ಲರ್ ಮಾಸ್ಕೋದಲ್ಲಿ ಸೋವಿಯತ್ ವಿಜ್ಞಾನಿಗಳ ಮುಂದೆ ಈ ಚಿತ್ರದ ಪ್ರಸ್ತಾಪ ಮಾಡಿದ್ದನ್ನು ನಾಸಾದ ಇತಿಹಾಸ ದಾಖಲಿಸಿದೆ. ಎರಡೂ ದೇಶಗಳ ನೌಕೆಗಳ ದ್ವಾರಗಳು ಕೂಡುವಂತಿರಬೇಕು ಎಂಬ ಮಾತುಕತೆಗೆ ಅದು ನೆರವಾಯಿತು. ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಮುಂದಾಳತ್ವದಲ್ಲಿ ಹೊಸ ಬಗೆಯ ಜೋಡಣಾ ದ್ವಾರ ರೂಪುಗೊಂಡು, 1975ರ ಜುಲೈ 17ರಂದು ಅಪೊಲೊ ಮತ್ತು ಸೊಯುಜ್ ಕಕ್ಷೆಯಲ್ಲಿ ಕೂಡಿದವು. ಒಂದು ಚಿತ್ರ ನಮ್ಮ ಗಮನವನ್ನು ಬಾಗಿಲಿನತ್ತ ತಿರುಗಿಸಿದರೆ ಬಾಗಿಲು ಸಿದ್ಧವಾಗುತ್ತದೆ. ನೂರು ಚಿತ್ರಗಳು ಧಾವಿಸುವ ವೀರನತ್ತಲೇ ತಿರುಗಿಸಿದರೆ, ಬಾಗಿಲಿಗೆ ಹಣ ಕೇಳುವ ಎಂಜಿನಿಯರ್ ಯಾರಿಗೂ ಕಾಣುವುದಿಲ್ಲ.

ಮೂರನೆಯ ಆಕ್ಷೇಪ ನಮಗೆ ಹತ್ತಿರದ್ದು. 2024ರ ಜೂನ್ 5ರಂದು ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಬೋಯಿಂಗ್‌ನ ಸ್ಟಾರ್‌ಲೈನರ್‌ನಲ್ಲಿ ಸುಮಾರು ಎಂಟು ದಿನಕ್ಕೆಂದು ಹೊರಟು 286 ದಿನಗಳ ನಂತರ, 2025ರ ಮಾರ್ಚ್ 18ರಂದು ಮರಳಿದರು. ನಮ್ಮ ಸುದ್ದಿವಾಹಿನಿಗಳು ಆ ಒಂಬತ್ತು ತಿಂಗಳೂ ಅವರನ್ನು ಅತಂತ್ರರೆಂದೇ ವರ್ಣಿಸಿದವು, ಕೊನೆಗೆ ಯಾರೋ ಹೋಗಿ ಕಾಪಾಡಿದರು ಎಂದವು. ತಡವಾಯಿತೆಂದರೆ ಕೈಬಿಟ್ಟರು ಎಂಬ ಆ ಮೂರನೇ ಮಾತು ಇಲ್ಲಿ ಎದ್ದು ಕಾಣುತ್ತದೆ. ನಡೆದದ್ದು ಬೇರೆ. ಸ್ಟಾರ್‌ಲೈನರ್‌ನ ಥ್ರಸ್ಟರುಗಳು ಮತ್ತು ಹೀಲಿಯಮ್ ಸೋರಿಕೆಯ ಬಗ್ಗೆ ಸಂಶಯ ಉಳಿದಾಗ, ಅದರಲ್ಲಿ ಜನರನ್ನು ಕೂರಿಸುವುದಿಲ್ಲ ಎಂದು ನಾಸಾ ತೀರ್ಮಾನಿಸಿತು. ಸೆಪ್ಟೆಂಬರ್ 7ರಂದು ಅದು ಖಾಲಿಯಾಗಿ ಇಳಿಯಿತು. ಸೆಪ್ಟೆಂಬರ್ 28ರಂದು ಹೊರಟ ಡ್ರ್ಯಾಗನ್ ನೌಕೆಯಲ್ಲಿ ನಾಲ್ವರ ಬದಲು ಇಬ್ಬರೇ ಹೋದರು, ಎರಡು ಆಸನ ಇವರಿಬ್ಬರಿಗೆ ಮೀಸಲಾಯಿತು. ನಡುವಿನ ಮೂರು ವಾರಗಳಲ್ಲಿ ನಿಲ್ದಾಣವನ್ನು ತುರ್ತಾಗಿ ತೊರೆಯಬೇಕಾಗಿ ಬಂದರೆಂದು, ಅಲ್ಲಿದ್ದ ಇನ್ನೊಂದು ಡ್ರ್ಯಾಗನ್‌ನ ಸರಕು ಜಾಗದಲ್ಲಿ ಫೋಮ್ ಹಾಸಿ, ಪಟ್ಟಿ ಬಿಗಿದು ಅವರಿಬ್ಬರಿಗೆ ಜಾಗ ಮಾಡಲಾಗಿತ್ತು. ಸ್ಟಾರ್‌ಲೈನರ್‌ಗಾಗಿ ಹೊಲಿದ ಉಡುಪು ಡ್ರ್ಯಾಗನ್‌ನ ಆಸನಕ್ಕೆ ಹೊಂದುತ್ತಿರಲಿಲ್ಲ, ಬಾಗಿಲಿನ ಷರತ್ತು ಅಲ್ಲೂ ಪೂರ್ಣ ಈಡೇರಿರಲಿಲ್ಲ. ಆದರೂ ಮುಖ್ಯ ಸಂಗತಿ ಇದು: ಅವರನ್ನು ಕಾಪಾಡಿದ್ದು 2025ರ ಮಾರ್ಚ್ ಅಲ್ಲ. ಎರಡು ಬೇರೆ ಕಂಪನಿಗಳಿಂದ ಎರಡು ಬೇರೆ ನೌಕೆಗಳನ್ನು ಮಾಡಿಸಬೇಕೆಂದು 2014ರಲ್ಲಿ ತೆಗೆದುಕೊಂಡ ನಿರ್ಧಾರ ಅವರನ್ನು ಕಾಪಾಡಿತು. ಆಗ ಅದನ್ನು ದುಬಾರಿ ಎಂದವರಿದ್ದರು.

ಇದು ಒಂದು ದೇಶದ, ಒಂದು ಸಂಸ್ಥೆಯ ವಿಶೇಷವಲ್ಲ. 2022ರ ಡಿಸೆಂಬರ್‌ನಲ್ಲಿ ರಷ್ಯಾದ ಸೊಯುಜ್ ಎಂಎಸ್-22ರ ಶೈತ್ಯಕ ದ್ರವ ಸೋರಿಹೋದಾಗ, ಮುಂದಿನ ಸರದಿಯ ನೌಕೆಯನ್ನು 2023ರ ಫೆಬ್ರುವರಿ 24ರಂದು ಯಾತ್ರಿಗಳಿಲ್ಲದೆ ಕಳುಹಿಸಲಾಯಿತು. ಆ ಮೂವರೂ ಒಂದು ವರ್ಷ ಮೀರಿ ಉಳಿಯಬೇಕಾಯಿತು, ಆದರೆ ಕ್ಷೇಮವಾಗಿ ಬಂದರು. 2025ರ ನವೆಂಬರ್‌ನಲ್ಲಿ ಚೀನಾದ ಶೆಂಝೌ-20ರ ಕಿಟಕಿಯಲ್ಲಿ ಬಿರುಕು ಕಂಡಾಗ, ಅದರ ಯಾತ್ರಿಗಳು ಆಗಷ್ಟೇ ಬಂದಿದ್ದ ಶೆಂಝೌ-21ರಲ್ಲಿ ಇಳಿದರು. ಹಿಂದೆ ಉಳಿದವರಿಗಾಗಿ ನವೆಂಬರ್ 25ರಂದು ಶೆಂಝೌ-22 ಖಾಲಿಯಾಗಿ ಹಾರಿತು. ಒಂದು ಯಾನ ಹೊರಟಾಗ ಮುಂದಿನದರ ರಾಕೆಟ್ಟು ಮತ್ತು ನೌಕೆ ತುರ್ತಿಗೆ ಸಿದ್ಧವಿರಬೇಕೆಂಬ ಪದ್ಧತಿ ಅಲ್ಲಿತ್ತು, ಅದರಿಂದಲೇ ಇದು ಕೆಲವೇ ದಿನಗಳಲ್ಲಿ ಆಯಿತು. ಈ ಎರಡೂ ಘಟನೆಗಳ ಮೇಲೆ ಯಾರೂ ರೋಚಕ ಚಿತ್ರ ತೆಗೆಯಲಾರರು, ಅಷ್ಟು ಸಪ್ಪೆಯಾಗಿ ಮುಗಿದವು. ಒಳ್ಳೆಯ ರಕ್ಷಣೆಯ ಲಕ್ಷಣವೇ ಆ ಸಪ್ಪೆತನ.

ಕೊನೆಯ ಆಕ್ಷೇಪ ಹಣದ್ದು. ಪ್ರತಿ ಯಾನಕ್ಕೂ ಒಂದು ಬದಲಿ ನೌಕೆ ಇಟ್ಟುಕೊಂಡು ಕೂತರೆ ಯಾವ ದೇಶವೂ ಬಾಹ್ಯಾಕಾಶಕ್ಕೆ ಹೋಗಲಾರದು, ಎಲ್ಲ ಅಪಾಯಗಳಿಗೂ ಮೊದಲೇ ಸಿದ್ಧವಾಗಲು ಸಾಧ್ಯವಿಲ್ಲ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಸಿದ್ಧತೆಯೇ ಎಲ್ಲವೂ ಎಂದು ನಾನು ವಾದಿಸುತ್ತಿಲ್ಲ. ಎಷ್ಟು ಸಿದ್ಧತೆ ಇಲ್ಲ ಎಂಬುದನ್ನು ಹೊರಡುವ ಮುನ್ನವೇ ಬಾಯಿಬಿಟ್ಟು ಹೇಳಬೇಕು ಎನ್ನುತ್ತಿದ್ದೇನೆ. ಹಬಲ್ ದೂರದರ್ಶಕದ ಕೊನೆಯ ದುರಸ್ತಿ ಯಾನದ ಇತಿಹಾಸ ಇದಕ್ಕೆ ಮಾದರಿ. ಹಬಲ್ ಇರುವ ಕಕ್ಷೆಯಿಂದ ನಿಲ್ದಾಣಕ್ಕೆ ಹೋಗಿ ಆಶ್ರಯ ಪಡೆಯಲಾಗದು ಎಂಬ ಕಾರಣ ಮುಂದಿಟ್ಟು ನಾಸಾ 2004ರ ಜನವರಿಯಲ್ಲಿ ಆ ಯಾನವನ್ನೇ ಕೈಬಿಟ್ಟಿತು. 2006ರಲ್ಲಿ ಅದನ್ನು ಮತ್ತೆ ಒಪ್ಪಿಕೊಂಡಾಗ ರಕ್ಷಣೆಯ ಏರ್ಪಾಡೂ ಜೊತೆಗೆ ಬಂತು. 2009ರ ಮೇ 11ರಂದು ಅಟ್ಲಾಂಟಿಸ್ ಹೊರಟಾಗ ಪಕ್ಕದ ಉಡಾವಣಾ ವೇದಿಕೆಯ ಮೇಲೆ ಎಂಡೆವರ್ ಸಜ್ಜಾಗಿ ನಿಂತಿತ್ತು. ಅದು ಆ ಕೆಲಸಕ್ಕೆ ಹಾರಬೇಕಾಗಿ ಬರಲಿಲ್ಲ. ಇದಕ್ಕೂ ಮೊದಲು, 1973ರಲ್ಲಿ, ಸ್ಕೈಲ್ಯಾಬ್‌ನ ಎರಡನೇ ತಂಡದ ನೌಕೆಯ ಥ್ರಸ್ಟರುಗಳು ಸೋರಿದಾಗ, ಐದು ಜನ ಕೂರುವಂತೆ ಮಾರ್ಪಡಿಸಿದ ಅಪೊಲೊ ನೌಕೆಯನ್ನು ಸಜ್ಜುಗೊಳಿಸಲಾಗಿತ್ತು. ಅದೂ ಹಾರಲಿಲ್ಲ. ಹಾರದೆ ಉಳಿದ ಈ ನೌಕೆಗಳನ್ನು ಲೆಕ್ಕಪತ್ರದಲ್ಲಿ ದಂಡವೆಂದು ಬರೆಯುವುದು ಸುಲಭ. ಆದರೆ ಅವು ನಿಂತಿದ್ದರಿಂದಲೇ ಮೇಲಿದ್ದವರು ಅವಸರವಿಲ್ಲದೆ ತೀರ್ಮಾನಿಸಲು ಸಾಧ್ಯವಾಯಿತು. ಸ್ಕೈಲ್ಯಾಬ್ ತಂಡ ತನ್ನ 59 ದಿನಗಳ ಯಾನವನ್ನು ಪೂರೈಸಿ ತನ್ನದೇ ನೌಕೆಯಲ್ಲಿ ಬಂತು. ಏರ್ಪಾಡಿಲ್ಲದಿದ್ದರೆ ಹೋಗುವುದಿಲ್ಲ, ಹೋಗಲೇಬೇಕಾದರೆ ಏರ್ಪಾಡಿಲ್ಲವೆಂದು ತಿಳಿದೇ ಹೋಗುತ್ತೇವೆ. ಈ ಎರಡೂ ಪ್ರಾಮಾಣಿಕ ನಿಲುವುಗಳು. ಏನಾದರೂ ಆದರೆ ಹೇಗಾದರೂ ಮಾಡುತ್ತೇವೆ ಎಂಬುದು ನಿಲುವೇ ಅಲ್ಲ.

ಹಾಗಾದರೆ ಧೈರ್ಯಕ್ಕೂ ಇಚ್ಛಾಶಕ್ತಿಗೂ ಜಾಗವೆಲ್ಲಿ? ಜಾಗವಿದೆ, ನಾವು ಹುಡುಕುವ ಕಡೆ ಅಲ್ಲ. ರೆಕ್ಕೆಯ ಚಿತ್ರ ತೆಗೆಸಲೇಬೇಕು ಎಂದು ಮೇಲಧಿಕಾರಿಗಳ ಮುಂದೆ ಪಟ್ಟು ಹಿಡಿಯಲು ಧೈರ್ಯ ಬೇಕು. ದೇಶವೆಲ್ಲ ದಿನ ಎಣಿಸುತ್ತಿರುವಾಗ ಉಡಾವಣೆ ಮುಂದೂಡಲು ಇಚ್ಛಾಶಕ್ತಿ ಬೇಕು. ಬಹುಶಃ ಎಂದೂ ಬಳಕೆಯಾಗದ ನೌಕೆಗೆ ಹಣ ಕೇಳಲು, ಆ ಹಣ ಕೊಡಲು, ಕೊಟ್ಟದ್ದನ್ನು ಜನರ ಮುಂದೆ ಸಮರ್ಥಿಸಲು ಇವೆರಡೂ ಬೇಕು. ಮೆಚ್ಚುಗೆ ಮತ್ತು ದೂಷಣೆ ಸಲ್ಲಬೇಕಾದದ್ದು ಈ ನಿರ್ಧಾರಗಳಿಗೆ. ಅವನ್ನು ಆಪತ್ಕಾಲದ ಕೆಲವು ಗಂಟೆಗಳ ಮೇಲೆ ಹೊರಿಸಿದಾಗ ಎರಡು ಅನ್ಯಾಯಗಳಾಗುತ್ತವೆ: ಮೊದಲೇ ದುಡಿದವರು ಮರೆತುಹೋಗುತ್ತಾರೆ, ಮೊದಲೇ ತಪ್ಪಿದವರು ತಪ್ಪಿಸಿಕೊಳ್ಳುತ್ತಾರೆ.

ಈ ಮಾತು ನಮಗೆ ಈಗ ಮುಖ್ಯ, ಏಕೆಂದರೆ ಭಾರತ ತನ್ನದೇ ನೌಕೆಯಲ್ಲಿ ತನ್ನ ಯಾತ್ರಿಗಳನ್ನು ಕಳುಹಿಸಲು ಹೊರಟಿದೆ. ಗಗನಯಾನದ ಹೊಣೆ ಹೊತ್ತ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇರುವುದು ಬೆಂಗಳೂರಿನಲ್ಲಿ. 2018ರ ಆಗಸ್ಟ್ 15ರಂದು ಘೋಷಣೆಯಾದಾಗ 2022ರ ಗಡುವು ಹಾಕಲಾಗಿತ್ತು. ಅದು ದಾಟಿದ ಮೇಲೆ ಪ್ರತಿ ಮುಂದೂಡಿಕೆಯನ್ನೂ ಸೋಲೆಂಬಂತೆ ಮಾತನಾಡುವವರಿದ್ದಾರೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಒಂಟಿಯಾಗಿ ಸುತ್ತುವ ಆ ಮೊದಲ ನೌಕೆಯ ಬಳಿಗೆ ಹೊರಗಿನಿಂದ ಯಾರಾದರೂ ಹೋಗಿ ನೆರವಾಗುವ ಏರ್ಪಾಡು ಇಲ್ಲ. ಅದಕ್ಕಿರುವ ರಕ್ಷಣೆಯೆಲ್ಲ ಅದರ ಒಳಗೇ ಇರಬೇಕು. ಆದ್ದರಿಂದಲೇ 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ಹಾರಿದ ಪರೀಕ್ಷಾ ವಾಹನ, ರಾಕೆಟ್ ಕೈಕೊಟ್ಟರೆ ಯಾತ್ರಿಗಳ ಕೋಶವನ್ನು ಎಳೆದು ದೂರ ಒಯ್ಯುವ ವ್ಯವಸ್ಥೆಯನ್ನು ಪರೀಕ್ಷಿಸಿದ್ದು, ಕೋಶವನ್ನು ನೌಕಾಪಡೆ ಸಮುದ್ರದಿಂದ ಮೇಲೆತ್ತಿದ್ದು ಯಾವ ಚಂದ್ರಯಾನಕ್ಕೂ ಕಡಿಮೆಯಲ್ಲದ ಘಟನೆ. 2025ರ ಜನವರಿ 16ರಂದು ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಕೂಡಿದ್ದು ನಾಳೆಯ ಬಾಗಿಲಿಗೆ ಇಟ್ಟ ಮೊದಲ ಅಳತೆ. ಆ ಕೋಶದಲ್ಲಿ ನಮ್ಮವರು ಕೂರುವ ದಿನ ನಾವು ಕೇಳಬೇಕಾದ ಪ್ರಶ್ನೆ, ಅವರು ಎಷ್ಟು ಧೀರರು ಎಂಬುದಲ್ಲ. ಅದು ನಮಗೆ ಗೊತ್ತೇ ಇದೆ. ಯಾವ ಯಾವ ಅಪಾಯಕ್ಕೆ ಏನೇನು ಮೀಸಲಿದೆ, ಯಾವುದಕ್ಕೆ ಇಲ್ಲ, ಇಲ್ಲವೆಂದು ತಿಳಿದೂ ಹೊರಡುವ ನಿರ್ಧಾರಕ್ಕೆ ಯಾರು ಸಹಿ ಹಾಕಿದ್ದಾರೆ ಎಂದು ಕೇಳಬೇಕು. ಈ ಪ್ರಶ್ನೆಗಳನ್ನು ಉಡಾವಣೆಗೆ ಮೊದಲು ಕೇಳುವ ಸಮಾಜ ತನ್ನ ಯಾತ್ರಿಗಳನ್ನು ಕಾಪಾಡುವ ಕೆಲಸದಲ್ಲಿ ಪಾಲುಗೊಂಡಿದೆ. ಅಪಘಾತದ ನಂತರ ಕೇಳುವ ಸಮಾಜಕ್ಕೆ ಉತ್ತರ ಸಿಗಬಹುದು, ಯಾತ್ರಿಗಳು ಸಿಗುವುದಿಲ್ಲ.